"ಬುಟ್ಟಿ ಬಿಟ್ಟು ಎಲ್ಲಿಗೆ ಹೋಗ್ಲವ್ವಾ?": ನೀರಿನ ಮಾತ್ರೆಯ ಒಂದು ಪ್ರಕರಣ

ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತು ಅವರ ಮಾತ್ರೆಗಳ ಬಗ್ಗೆ ಮಾತಾಡುವುದು ನನ್ನ ಕೆಲಸ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ.

ಆ ಅಮ್ಮನಿಗೆ 64 ವರ್ಷ. ಹಳೇ ಮೈಸೂರು ಕಡೆಯ ಒಂದು ಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಹೂ ಮಾರುತ್ತಾರೆ. ಹೃದಯ ದುರ್ಬಲವಾಗಿತ್ತು. ರಕ್ತ ಸರಿಯಾಗಿ ಪಂಪ್ ಆಗದೆ ಕಾಲಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಉಸಿರು ಕಟ್ಟಿ 3 ತಿಂಗಳಲ್ಲಿ 2 ಸಲ ಅಡ್ಮಿಟ್ ಆಗಿದ್ದರು. ಬೆಳಿಗ್ಗೆ ಫ್ಯೂರೋಸೆಮೈಡ್ 40 ಮಿಲಿಗ್ರಾಂ, ಜೊತೆಗೆ ಸ್ಪೈರೊನೊಲ್ಯಾಕ್ಟೋನ್ 25 ಮಿಲಿಗ್ರಾಂ ಬರೆದುಕೊಟ್ಟಿದ್ದರು. ಎರಡೂ ನೀರಿನ ಮಾತ್ರೆಗಳೇ, ಅಂದರೆ ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕುವಂಥವು. ಊತ ಮಾತ್ರ ಇಳಿದಿರಲಿಲ್ಲ. ಡೋಸ್ ಜಾಸ್ತಿ ಮಾಡುವ ಮೊದಲು ಒಮ್ಮೆ ಮಾತಾಡಿ ನೋಡಿ ಅಂತ ಡಾಕ್ಟರ್ ನನ್ನ ಹತ್ತಿರ ಕಳಿಸಿದರು.

ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಳಿ ಹಾಗೇ ಉಳಿಯಿತು.

"ಮಾತ್ರೆ ದಿನಾ ತಗೊಳ್ತಾರೆ ಮೇಡಂ, ನಾನೇ ತಂದುಕೊಡ್ತೀನಿ," ಅಂದರು ಮಗ. ಪ್ಲಾಸ್ಟಿಕ್ ಕವರ್ ಬಿಚ್ಚಿ ಎಣಿಸಿದೆ. ತಿಂಗಳಿಗೆ ಕೊಟ್ಟ 30 ಫ್ಯೂರೋಸೆಮೈಡ್‌ನಲ್ಲಿ 13 ಹಾಗೇ ಇದ್ದವು. ನಾನು ಏನೂ ಹೇಳಲಿಲ್ಲ. ಹಳೆಯ ಬಿಲ್ ತರೋಕೆ ಅಂತ ಮಗನನ್ನು ಹೊರಗೆ ಕಳಿಸಿದೆ. ಕೆಲವು ಮಾತು ಮಗನ ಮುಂದೆ ಬರುವುದಿಲ್ಲ.

"ಅದು ತಗೊಂಡ್ರೆ ಗಂಟೆಯೊಳಗೆ ಒಂದಕ್ಕೆ ಓಡಬೇಕು ಕಣವ್ವಾ. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೊಂದರ ತನಕ ವ್ಯಾಪಾರ. ಬುಟ್ಟಿ ಬಿಟ್ಟು ಎಲ್ಲಿಗೆ ಹೋಗ್ಲವ್ವಾ?"

ಹಾಗಾಗಿ ವ್ಯಾಪಾರ ಜೋರಿದ್ದ ದಿನ ಮಾತ್ರೆ ಬಿಡುತ್ತಿದ್ದರು. ಮಧ್ಯಾಹ್ನದ ತನಕ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಸಂಜೆ ಕಾಲು ಭಾರ ಆದರೆ, ಬಿಟ್ಟಿದ್ದಕ್ಕೆ ಸರಿಹೋಗಲಿ ಅಂತ ರಾತ್ರಿ ಎರಡು ಮಾತ್ರೆ ಒಟ್ಟಿಗೆ ನುಂಗುತ್ತಿದ್ದರು. ಒಂದು ರಾತ್ರಿ ನಾಲ್ಕನೇ ಸಲ ಎದ್ದಾಗ ತಲೆ ಸುತ್ತಿ ಬಚ್ಚಲುಮನೆಯಲ್ಲಿ ಬಿದ್ದಿದ್ದರು. ಮಂಡಿ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ತಿನ್ನುತ್ತಿದ್ದರು. ಇದ್ಯಾವುದನ್ನೂ ಡಾಕ್ಟರಿಗೆ ಹೇಳಿರಲಿಲ್ಲ. ಗಂಡಸರ ಮುಂದೆ ಮೂತ್ರದ ವಿಷಯ ಹೇಗೆ ಹೇಳೋದು ಅನ್ನುವ ಸಂಕೋಚ.

ನನಗೆ ಅವರ ಮೇಲೆ ಕೋಪ ಬರಲಿಲ್ಲ. ಬೆಳಿಗ್ಗೆ ಒಂದು ಮಾತ್ರೆ ಅಂತ ಚೀಟಿಯಲ್ಲಿ ಬರೆಯುವವರು ಯಾರಾದರೂ "ಬೆಳಿಗ್ಗೆ ಎಲ್ಲಿರ್ತೀರಿ?" ಅಂತ ಕೇಳಬೇಕಿತ್ತು ಅಲ್ವಾ? ಆ ಕೇಳಬೇಕಾದವರಲ್ಲಿ ನಾನೂ ಇದ್ದೇನೆ.

ಅವರಿಗೆ ಹೇಳಿದ ಮೊದಲ ಮಾತು ಇದು: "ಮಾತ್ರೆ ಬಿಡಬೇಡಿ ಅಮ್ಮ, ಹೊತ್ತು ಬದಲಿಸೋಣ." ಫ್ಯೂರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಸುಮಾರು 6 ಗಂಟೆಯಲ್ಲಿ ಮುಗಿಸುತ್ತದೆ. ಬೆಳಿಗ್ಗೆಯೇ ತೆಗೆದುಕೊಳ್ಳಬೇಕು ಅನ್ನುವುದು ರಾತ್ರಿ ನಿದ್ದೆ ಕೆಡದಿರಲಿ ಅಂತ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಒಪ್ಪಿದರು. ಹನ್ನೊಂದೂವರೆಗೆ ಮನೆಗೆ ಬಂದ ಮೇಲೆ ತೆಗೆದುಕೊಳ್ಳುವುದು ಅಂತಾಯಿತು. ಸಂಜೆ ಆರರ ಹೊತ್ತಿಗೆ ಓಡಾಟ ಮುಗಿಯುತ್ತದೆ. ಮರೆತರೆ, ಮಧ್ಯಾಹ್ನ ನಾಲ್ಕರೊಳಗೆ ನೆನಪಾದರೆ ತೆಗೆದುಕೊಳ್ಳಿ. ಆಮೇಲೆ ನೆನಪಾದರೆ ಅವತ್ತಿಗೆ ಬಿಡಿ, ಮಾರನೇ ದಿನ ಒಂದೇ. ಯಾವತ್ತೂ ಎರಡು ಒಟ್ಟಿಗೆ ಬೇಡ. ಒಮ್ಮೆಲೇ ಜಾಸ್ತಿ ನೀರು ಹೋದರೆ ಬಿಪಿ ಇಳಿದು, ಎದ್ದು ನಿಂತಾಗ ಕಣ್ಣು ಕತ್ತಲಾಗುತ್ತದೆ. ಅವತ್ತು ಬಿದ್ದಿದ್ದು ಬಹುಶಃ ಹಾಗೇ.

ನೀರು ಬಿಡುವುದೂ ತಪ್ಪು ಅಂದೆ. ಡಾಕ್ಟರ್ ಹೇಳಿದ್ದು ದಿನಕ್ಕೆ ಒಂದೂವರೆ ಲೀಟರ್. ಅದನ್ನು ಇಡೀ ದಿನಕ್ಕೆ ಹಂಚಿ ಕುಡಿಯಬೇಕು. ಡೈಕ್ಲೋಫೆನಾಕ್ ಅವತ್ತೇ ನಿಲ್ಲಿಸಿದೆವು. ಆ ಥರದ ನೋವಿನ ಮಾತ್ರೆ ಮೈಯಲ್ಲಿ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತದೆ. ನೀರಿನ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಅದರ ಬದಲು ಪ್ಯಾರಾಸಿಟಮಾಲ್ ಬರೆದುಕೊಟ್ಟರು.

ಉಪ್ಪಿನ ಮಾತಿಗೆ ಬಂದಾಗ ಮಗ ವಾಪಸ್ ಬಂದಿದ್ದರು. ಅಮ್ಮನಿಗೆ ಅಂತ ದುಬಾರಿ ಲೋ ಸೋಡಿಯಂ ಉಪ್ಪು ತಂದಿಟ್ಟಿದ್ದರಂತೆ. ಪ್ರೀತಿಯಿಂದಲೇ ತಂದಿದ್ದರು. ಆದರೆ ಅಂಥ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಫ್ಯೂರೋಸೆಮೈಡ್ ಪೊಟ್ಯಾಸಿಯಂ ಹೊರಗೆ ಹಾಕುತ್ತದೆ, ಸ್ಪೈರೊನೊಲ್ಯಾಕ್ಟೋನ್ ಹಿಡಿದಿಡುತ್ತದೆ. ಅದರ ಮೇಲೆ ಈ ಉಪ್ಪೂ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಎಳನೀರಿಗೂ ಇದೇ ಮಾತು. "ನೀರಿನ ಮಾತ್ರೆ ತಗೊಳ್ಳೋರು ಎಳನೀರು ಕುಡೀಬೇಕು" ಅಂತ ಯಾರೋ ಹೇಳಿದ್ದರಂತೆ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಅಪಾಯ ಆಗಬಹುದು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ನೋಡದೆ ಇದನ್ನು ಹೇಳೋಕೆ ಆಗಲ್ಲ. ಮನೆ ಉಪ್ಪೇ ಇರಲಿ, ಕಡಿಮೆ ಹಾಕಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಬಿಡಿ ಅಂದೆ.

ಮಗನಿಗೆ ಒಂದು ಕೆಲಸ ಕೊಟ್ಟೆ. ತೂಕದ ಮೆಷಿನ್ ತರಬೇಕು. ದಿನಾ ಬೆಳಿಗ್ಗೆ ಒಂದಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು ಅಮ್ಮನ ತೂಕ ನೋಡಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಬೇಕು. 3 ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಊತ ಕಣ್ಣಿಗೆ ಕಾಣುವ ಮೊದಲೇ ಫೋನ್ ಮಾಡಿ. ವಾಂತಿ ಭೇದಿ ಆದರೆ, ಮೂತ್ರ ತೀರಾ ಕಮ್ಮಿಯಾದರೆ, ಕಾಲು ಸೆಳೆತ, ತಲೆಸುತ್ತು ಬಂದರೆ ಅವತ್ತೇ ಫೋನ್ ಮಾಡಿ. ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಫೋನಿಗೂ ಕಾಯದೆ ಸೀದಾ ಆಸ್ಪತ್ರೆಗೆ ಬನ್ನಿ.

ಡೋಸ್ ಏರಿಸಲಿಲ್ಲ. ವಾರದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ತಿಂಗಳಿಗೆ ಬಂದಾಗ ಸುರುಳಿ ಸುತ್ತಿದ ಕ್ಯಾಲೆಂಡರ್ ಕಂಕುಳಲ್ಲಿತ್ತು. ತೂಕ 4 ಕೆಜಿ ಇಳಿದಿತ್ತು. ಒಂದು ಮನೆಯಲ್ಲಿ ಮಗನ ಅಕ್ಷರ: "ಮದುವೆ. ಮಾತ್ರೆ 3 ಗಂಟೆಗೆ." ಕಾಲುಂಗುರವನ್ನು ಬೆರಳಲ್ಲಿ ಸುತ್ತಿಸಿ ತೋರಿಸಿದರು.

ಜೊತೆಗೆ ಪಕ್ಕದ ಮನೆಯವರನ್ನೂ ಕರೆತಂದಿದ್ದರು. "ಇವಳಿಗೂ ಕಾಲು ಊತ. ನಿನ್ನ ಮಾತ್ರೆ ಎರಡು ಕೊಡು ಅಂದ್ಳು, ನಾನು ಕೊಡಲಿಲ್ಲ," ಅಂದರು. ಪಕ್ಕದವರ ಚೀಟಿ ನೋಡಿದೆ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಯಿಂದಲೇ ಪಾದ ಊದಿಕೊಳ್ಳುವುದುಂಟು, ಆ ಊತಕ್ಕೆ ನೀರಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಚೀಟಿಯ ಮೇಲೆ ಒಂದು ಸಾಲು ಬರೆದು ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ.