ಆ ಸಭೆ ಸ್ತಬ್ಧವಾಗಲಿಲ್ಲ

ಪ್ರಿಯ ಮಿತ್ರರೆ,

ಕಮ್ಯುನಿಸ್ಟರ ಬೇಟೆಗೆ ಹೆಸರಾದ ಅಮೆರಿಕದ ಸೆನೆಟರ್ ಜೋಸೆಫ್ ಮೆಕಾರ್ಥಿಗೂ ಅಲ್ಲಿನ ಸೈನ್ಯಕ್ಕೂ ಜಟಾಪಟಿ ನಡೆದ 1954ರ ಆರ್ಮಿ–ಮೆಕಾರ್ಥಿ ವಿಚಾರಣೆಯ ಹಳೇ ಫಿಲ್ಮ್ ನೋಡಿ ನೀವು ಬರೆದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ. ಸೈನ್ಯದ ಪರ ವಕೀಲ ಜೋಸೆಫ್ ವೆಲ್ಚ್ ಆಡಿದ ‘ಡೀಸೆನ್ಸಿ’ಯನ್ನು ‘ಸಭ್ಯತೆ’ ಎನ್ನದೆ ‘ಮಾನಮರ್ಯಾದೆ’ ಎಂದಿದ್ದೀರಿ. ಇಷ್ಟವಾಯಿತು. ಹೊಗಳಿಕೆ ಇಷ್ಟು ಸಾಕು, ಅಲ್ವಾ? ಮೂರನೇ ಪುಟದ ಒಂದು ಪ್ಯಾರಾ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ.

‘ವೆಲ್ಚ್ ಮಾತಿಗೆ ಸಭೆ ಸ್ತಬ್ಧವಾಯಿತು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಮೆಕಾರ್ಥಿ ತಲೆ ತಗ್ಗಿಸಿದರು. ಅಂದೇ ಅವರ ಯುಗ ಮುಗಿಯಿತು.’

ಮೊದಲ ಎರಡು ಸಾಲು. ಅಂದು ಜೂನ್ 9. ಸಾಕ್ಷಿಯ ಕುರ್ಚಿಯಲ್ಲಿದ್ದವರು ಮೆಕಾರ್ಥಿಯ ಬಲಗೈ ರಾಯ್ ಕೋನ್. ಕಮ್ಯುನಿಸ್ಟರನ್ನು ಹೊತ್ತು ಮುಳುಗುವುದರೊಳಗೆ ಹಿಡಿದುಕೊಡಬಾರದೇ ಎಂದು ವೆಲ್ಚ್ ಕೋನ್‌ರನ್ನು ಕೆಣಕುತ್ತಿದ್ದರು. ಮೆಕಾರ್ಥಿ ತಡೆಯಲಾರದೆ ನಡುವೆ ಬಾಯಿ ಹಾಕಿದರು. ವೆಲ್ಚ್ ಕಚೇರಿಯ ಕಿರಿಯ ವಕೀಲ ಫ್ರೆಡ್ ಫಿಶರ್ ಹೆಸರನ್ನು ಎಳೆದು ತಂದರು. ಫಿಶರ್ ಹಿಂದೆ ಎಡಪಂಥೀಯ ವಕೀಲರ ಸಂಘವೊಂದರಲ್ಲಿದ್ದರು, ಅಷ್ಟೇ. ಆಗ ಬಂತು ವೆಲ್ಚ್‌ರ ಆ ಮಾನಮರ್ಯಾದೆಯ ಪ್ರಶ್ನೆ: ಕೊನೆಗೂ ನಿಮ್ಮಲ್ಲಿ ಮಾನಮರ್ಯಾದೆ ಅನ್ನೋದೇ ಉಳಿದಿಲ್ಲವೇ?

ಆಮೇಲೆ ಮೌನವೇ? ಎಲ್ಲಿ! ನಿಮಗೆ ನೋವಾಗುತ್ತಿದೆ ಅಂತ ಗೊತ್ತು ಎಂದು ವೆಲ್ಚ್‌ಗೆ ಹೇಳಿ, ಮೆಕಾರ್ಥಿ ಮತ್ತೆ ಫಿಶರ್ ಪುರಾಣವನ್ನೇ ತೆಗೆದರು. ಕೊನೆಗೆ ವೆಲ್ಚ್, ಇನ್ನು ಇದರ ಚರ್ಚೆ ಬೇಡ, ಅಧ್ಯಕ್ಷರು ಬೇಕಾದರೆ ಮುಂದಿನ ಸಾಕ್ಷಿಯನ್ನು ಕರೆಯಲಿ ಎಂದರು. ಸಭೆ ಚಪ್ಪಾಳೆ ತಟ್ಟಿದ್ದು ಆಗ. ಆ ಪ್ರಸಿದ್ಧ ಸಾಲಿಗಲ್ಲ ಮಾರಾಯ್ರೆ, ಸಾಕ್ಷಿ ಕರೆಯುವ ಸಪ್ಪೆ ಸಾಲು ಮುಗಿದ ಮೇಲೆ! ಇಂಥ ದೃಶ್ಯ ಕೈಯಲ್ಲಿಟ್ಟುಕೊಂಡು ನೀವು ಸೂಜಿ ಬೀಳಿಸಿದ್ದೀರಿ.

ಬಿಡದೆ ಮಾತಾಡುತ್ತಿದ್ದ ಮನುಷ್ಯ ತಲೆ ತಗ್ಗಿಸಿದ್ದು ಯಾವಾಗ? ಇನ್ನು ಯುಗ. ಸೆನೆಟ್ ಅವರನ್ನು ಖಂಡಿಸಿದ್ದು ಡಿಸೆಂಬರ್ 2ರಂದು, 67–22 ಮತಗಳಿಂದ. ಜೂನ್‌ನಿಂದ ಹೆಚ್ಚುಕಡಿಮೆ ಆರು ತಿಂಗಳು.

ನನಗೆ ಇಷ್ಟು ಸಿಟ್ಟು ಬರಲು ಕಾರಣವಿದೆ. ಪತ್ರಿಕೆಯೊಂದಕ್ಕೆ ಸೇರಿದ ಹೊಸದರಲ್ಲಿ ಪುರಸಭೆಯ ವರದಿ ಬರೆದಿದ್ದೆ. ‘ಸಭೆ ರಣರಂಗವಾಯಿತು’ ಎಂಬ ಸಾಲು ನನಗೇ ಬಹಳ ಹಿಡಿಸಿತ್ತು. ಹಿರಿಯ ಉಪಸಂಪಾದಕರು ಓದಿ, ಕನ್ನಡಕ ಹಣೆಗೇರಿಸಿ ಕೇಳಿದರು: ‘ಎಷ್ಟು ಹೆಣ ಬಿತ್ತಪ್ಪಾ?’ ಯಾರೂ ಸತ್ತಿರಲಿಲ್ಲ. ನಲ್ಲಿ ನೀರಿನ ಜಗಳದಲ್ಲಿ ಒಬ್ಬ ಸದಸ್ಯರು ಖಾಲಿ ಕೊಡವನ್ನು ಮೇಜಿನ ಮೇಲೆ ಕುಕ್ಕಿದ್ದರು. ಕೊಡ ನನ್ನ ವರದಿಯಲ್ಲಿ ಇರಲೇ ಇಲ್ಲ. ಅವರು ಟೀ ಮುಗಿಸುವವರೆಗೂ ನಾನು ನಿಂತೇ ಇದ್ದೆ.

ಇನ್ನೊಂದೇ ಸಾಲು, ಐದನೇ ಪುಟದ್ದು: ‘ಕ್ಯಾಮೆರಾ ಸುಳ್ಳು ಹೇಳುವುದಿಲ್ಲ.’ ಅದೂ ಈ ವಿಚಾರಣೆಯ ಬಗ್ಗೆ! ಶುರುವಿನ ದಿನಗಳಲ್ಲೇ ಮೆಕಾರ್ಥಿ ಕಡೆಯವರು ಒಂದು ಫೋಟೋ ಹಾಜರುಪಡಿಸಿದ್ದರು. ಸೈನ್ಯದ ಕಾರ್ಯದರ್ಶಿ ರಾಬರ್ಟ್ ಸ್ಟೀವನ್ಸ್ ಮತ್ತು ಕೋನ್ ಗೆಳೆಯ, ಆಗ ಸಾಮಾನ್ಯ ಸೈನಿಕನಾಗಿದ್ದ ಡೇವಿಡ್ ಶೈನ್, ಇಬ್ಬರೇ ಆಪ್ತರಂತೆ ನಿಂತ ಚಿತ್ರ. ಮೂಲ ಫೋಟೋದಲ್ಲಿ ಪಕ್ಕದಲ್ಲೇ ಒಬ್ಬ ಕರ್ನಲ್ ಇದ್ದರು. ಅವರನ್ನು ಕತ್ತರಿಸಿ ತೆಗೆದಿದ್ದಾರೆ ಎಂದು ವೆಲ್ಚ್ ತೋರಿಸಿಕೊಟ್ಟರು. ನಿಮ್ಮ ಲೇಖನದಲ್ಲಿ ಈ ಫೋಟೋ ಇಲ್ಲ.

ಥಿಯೇಟರಿನ ವಾರ್ತಾಚಿತ್ರಗಳಲ್ಲೂ ಕತ್ತರಿಯದೇ ಕೆಲಸ. ಒಂದು ಸಂಚಿಕೆ ಹತ್ತು ನಿಮಿಷ. ಅದರಲ್ಲೇ ಬೇಸ್‌ಬಾಲ್, ಫ್ಯಾಷನ್ ಎಲ್ಲ. ವಿಚಾರಣೆ ನಡೆದದ್ದು 36 ದಿನ. ಅದನ್ನು ಎಬಿಸಿ ಮತ್ತು ಡುಮಾಂಟ್ ಟಿವಿಗಳು ಆರಂಭದಿಂದ ಕೊನೆಯವರೆಗೆ ನೇರವಾಗಿ ತೋರಿಸಿದವು. ನೀವು ಎರಡನ್ನೂ ‘ನ್ಯೂಸ್‌ರೀಲ್’ ಎಂದು ಒಂದೇ ಗಂಟಲ್ಲಿ ಕಟ್ಟಿದ್ದೀರಿ.

ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ವಾರ್ತಾಚಿತ್ರ ಶುರುವಾದರೆ ನಾವು ಕಡ್ಲೇಕಾಯಿ ತರಲು ಎದ್ದು ಹೋಗುತ್ತಿದ್ದೆವು. ನೀವು ಕೂತು ನೋಡಿದ್ದೀರಿ, ಅದಕ್ಕೇ ಇಷ್ಟು ಜಾಸ್ತಿ ಬರೆದೆ. ಜೂನ್ 9ರ ಭಾಗವನ್ನು ಸೌಂಡ್ ಏರಿಸಿ ಇನ್ನೊಮ್ಮೆ ನೋಡಿ. ಮೂರನೇ ಪುಟ ಮತ್ತು ಐದನೇ ಪುಟ ಮಾತ್ರ ತಿದ್ದಿ ಕಳಿಸಿ. ಸೂಜಿ ಬೇಡ.