ಪಿಕಪ್‌ನ ‘ಆಟೋ’ ಮೋಡ್: ಓಡಿಸಲು ಸರಿ, ಹಿಮದ ಇಳಿಜಾರಿನಲ್ಲಿ ನಿಲ್ಲಿಸಲು ಅಲ್ಲ

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಷೆವ್ರೊಲೆ ಸಿಲ್ವರಾಡೊ 1500 ತಗೊಂಡೆ. ಅದರಲ್ಲಿ ಎಂಜಿನ್ ಬಲ ಯಾವ ಚಕ್ರಕ್ಕೆ ಹೋಗಬೇಕು ಅಂತ ಆರಿಸಲು ಟೂ ಹೈ (ಹಿಂದಿನ ಎರಡಕ್ಕೆ), ಆಟೋ (ಬೇಕಾದಾಗ ಮುಂದಿನವಕ್ಕೂ), ಫೋರ್ ಹೈ (ನಾಲ್ಕಕ್ಕೂ), ಫೋರ್ ಲೋ (ನಾಲ್ಕಕ್ಕೂ, ನಿಧಾನ ಆದರೆ ಹೆಚ್ಚು ಬಲ) ಅಂತ ನಾಲ್ಕು ಆಯ್ಕೆ ಇವೆ. ಚಳಿಗಾಲ ಮುಗಿಯುವ ತನಕ ಆಟೋದಲ್ಲೇ ಬಿಟ್ಟುಬಿಡು ಅನ್ನುತ್ತಾನೆ ಗೆಳೆಯ. ಒಣ ರಸ್ತೆಯಲ್ಲಿ ಹಾಗೆ ಓಡಿಸಿದರೆ ಗೇರು ಹಾಳಾಗುತ್ತದೆ ಅನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ನಮ್ಮ ಮನೆಯ ಡ್ರೈವ್‌ವೇ (ರಸ್ತೆಯಿಂದ ಮನೆಯವರೆಗಿನ ದಾರಿ) ಬೇರೆ ತುಂಬಾ ಇಳಿಜಾರು.

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ನಿಮ್ಮ ಕೊನೆಯ ಸಾಲಿನಲ್ಲಿದೆ, ಆ ಇಳಿಜಾರು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಣ ರಸ್ತೆಯ ಭಯ ಬಿಡಿಸೋಣ.

ಆ ಭಯ ಹುಟ್ಟಿದ್ದು ಫೋರ್ ಹೈನಿಂದ. ಹೊಸ ಹಿಮ ಬಿದ್ದ ಪಾರ್ಕಿಂಗ್ ಲಾಟ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿ, ಕೆಳಗಿಳಿದು ನೋಡಿ. ಮುಂದಿನ ಟೈರಿನ ಗುರುತು ಹೊರಗಡೆ, ಹಿಂದಿನದು ಒಳಗಡೆ ಬಿದ್ದಿರುತ್ತದೆ. ಅಂದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಓಡಬೇಕು. ಫೋರ್ ಹೈ ಹಾಕಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟ್‌ಗಳು (ತಿರುಗುವ ದಂಡಗಳು) ಒಂದಕ್ಕೊಂದು ಲಾಕ್ ಆಗುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಮದ ಮೇಲೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಆಗುವುದಿಲ್ಲ. ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರು ಕುಪ್ಪಳಿಸುತ್ತದೆ, ಕೆಳಗಿನಿಂದ ‘ಕಟ್ ಕಟ್’ ಅಂತ ಸದ್ದು ಬರುತ್ತದೆ. ಹಾಗೆಯೇ ಓಡಿಸುತ್ತಾ ಹೋದರೆ ಗೇರು ಹಾಳಾಗುವುದು ನಿಜ.

ಆಟೋದಲ್ಲಿ ಆ ಲಾಕ್ ಇರುವುದಿಲ್ಲ. ಎರಡು ಶಾಫ್ಟ್‌ಗಳ ನಡುವೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳಿವೆ. ಒಂದು ಚಿಕ್ಕ ಮೋಟರ್ ಅವನ್ನು ಬೇಕಾದಾಗ ಬೇಕಾದಷ್ಟೇ ಒತ್ತುತ್ತದೆ. ಯಾವ ಚಕ್ರ ಎಷ್ಟು ತಿರುಗುತ್ತಿದೆ, ನೀವು ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ ಎಂಬುದನ್ನು ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಹಿಂದಿನ ಚಕ್ರ ಜಾರಿತು ಅಂದರೆ ಪ್ಲೇಟು ಬಿಗಿ ಮಾಡಿ ಮುಂದಕ್ಕೂ ಬಲ ಕಳಿಸುತ್ತದೆ. ಒಣ ರಸ್ತೆ ಸಿಕ್ಕಿತೋ, ಸಡಿಲ ಬಿಡುತ್ತದೆ. ಹಾಗಾಗಿ ಒಣ ರಸ್ತೆ ಬಂತು ಅಂತ ಹೆದರಬೇಕಿಲ್ಲ.

ನಿಮ್ಮ ಮಿಷಿಗನ್‌ಗೆ ಇದು ಹೇಳಿ ಮಾಡಿಸಿದ್ದು. ತಣ್ಣನೆಯ ಗಾಳಿ ಸರೋವರ ದಾಟಿ ಬರುವಾಗ ತೇವ ಹೊತ್ತು ತಂದು ದಡದ ಊರುಗಳ ಮೇಲೆ ಹಿಮ ಸುರಿಯುತ್ತದೆ. ಒಂದು ಊರಿನಲ್ಲಿ ಬಿಸಿಲು, ಹತ್ತು ಮೈಲಿ ಆಚೆ ರಸ್ತೆಯೇ ಕಾಣುವುದಿಲ್ಲ. ಸೇತುವೆ ಬಂದ ಕೂಡಲೇ ಕಣ್ಣಿಗೆ ಕಾಣದ ಮಂಜುಗಡ್ಡೆ. ಇಂಥ ಕಡೆ ಪ್ರತಿ ಸಲ ಗುಂಡಿ ತಿರುಗಿಸುತ್ತಾ ಕೂರಲು ಆಗುತ್ತದೆಯೇ? ಅಂಥ ದಿನ ಆಟೋ ಹಾಕಿಕೊಂಡೇ ಮನೆಯಿಂದ ಹೊರಡಿ. ವಾರಗಟ್ಟಲೆ ಒಣ ಹವೆ ಇದ್ದರೆ ಮಾತ್ರ ಟೂ ಹೈಗೆ ಬನ್ನಿ. ಆಟೋದಲ್ಲಿ ಮುಂದಿನ ಆಕ್ಸಲ್ ಕೂಡ ತಿರುಗುತ್ತಿರುವುದರಿಂದ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗುತ್ತದೆ. ಸುಮ್ನೆ ಯಾಕೆ ಖರ್ಚು, ಅಲ್ವಾ?

ಈಗ ನಿಮ್ಮ ಡ್ರೈವ್‌ವೇ. ಇದನ್ನು ದಯವಿಟ್ಟು ಎರಡು ಸಲ ಓದಿ.

ಒಮ್ಮೆ ಪರಿಚಯದವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಇಳಿಜಾರಿನ ಮಂಜುಗಡ್ಡೆ ಮೇಲೆ ಅವರ ಪಿಕಪ್ ಆಟೋದಲ್ಲೇ ನಿಂತಿತ್ತು. ಗೇರು ಪಾರ್ಕ್‌ನಲ್ಲಿತ್ತು, ಹ್ಯಾಂಡ್ ಬ್ರೇಕೂ ಹಾಕಿತ್ತು. ಕಿಟಕಿಯಿಂದ ನೋಡುತ್ತಿದ್ದ ಹಾಗೇ ಗಾಡಿ ಸದ್ದಿಲ್ಲದೆ ಕೆಳಕ್ಕೆ ಜಾರಿ, ರಸ್ತೆ ಬದಿಯ ಹಿಮದ ಗುಡ್ಡೆಗೆ ತಾಗಿ ನಿಂತಿತು. ಎದುರಿಗೆ ಮಕ್ಕಳು ಯಾರೂ ಇರಲಿಲ್ಲ. ಆ ಗಳಿಗೆ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಯಾಕೆ ಹೀಗಾಯಿತು ಅಂದರೆ, ಪಾರ್ಕ್ ಹಾಕಿದಾಗ ಲಾಕ್ ಆಗುವುದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್. ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಆಟೋದಲ್ಲಿ ಗಾಡಿ ನಿಂತಾಗ ಕ್ಲಚ್ ಮುಂದಿನ ಚಕ್ರಗಳನ್ನು ಹಿಡಿದುಕೊಂಡಿರುವುದಿಲ್ಲ. ಎಂಜಿನ್ ಭಾರವೆಲ್ಲ ಮುಂದೆ, ಹಿಂದಿನ ತೊಟ್ಟಿ ಖಾಲಿ. ಹಗುರವಾದ ಎರಡು ಹಿಂಚಕ್ರಗಳೇ ಇಡೀ ಗಾಡಿಯನ್ನು ಮಂಜುಗಡ್ಡೆ ಮೇಲೆ ತಡೆದು ನಿಲ್ಲಿಸಬೇಕು. ಹಿಮ, ಕೆಸರು, ಜಲ್ಲಿ ಇರುವ ಕಡಿದಾದ ಜಾಗದಲ್ಲಿ ಆಟೋದಲ್ಲಿ ನಿಲ್ಲಿಸಬೇಡಿ ಎಂದು ನಿಮ್ಮ ಗಾಡಿಯ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಎಷ್ಟೋ ಜನ ಆ ಪುಟ ತೆರೆದೇ ಇರುವುದಿಲ್ಲ.

ಆದ್ದರಿಂದ ಡ್ರೈವ್‌ವೇಗೆ ತಿರುಗುವಾಗಲೇ, ಗಾಡಿ ಇನ್ನೂ ನಿಧಾನಕ್ಕೆ ಉರುಳುತ್ತಿರುವಾಗ ಫೋರ್ ಹೈ ಹಾಕಿ. ಫೋರ್ ಹೈ ದೀಪ ಮಿನುಗುವುದು ನಿಂತು ಸ್ಥಿರವಾಗಲಿ. ಆಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಪಾರ್ಕ್‌ಗೆ ಹಾಕಿ. ಈಗ ನಾಲ್ಕೂ ಚಕ್ರ ಹಿಡಿದಿರುತ್ತವೆ. ಉಪ್ಪೋ ಮರಳೋ ಎರಚುವುದನ್ನೂ ಬಿಡಬೇಡಿ.

ಆಳವಾದ ಹಿಮದಲ್ಲಿ ಹೂತಾಗಲೂ ಆಟೋ ಸಾಲದು. ಅದು ಜಾರಿದ ಮೇಲೆ ಹಿಡಿಯುವುದು ಜಾಸ್ತಿ. ನಿಮಗೆ ಬೇಕಿರುವುದು ಜಾರುವ ಮೊದಲೇ ಹಿಡಿತ. ಮೇಲಾಗಿ ಪ್ಲೇಟುಗಳು ಉಜ್ಜಿ ಉಜ್ಜಿ ಬಿಸಿಯಾಗುತ್ತವೆ. ಹಿಮದ ರಾಶಿಗೆ ನುಗ್ಗುವ ಮುಂಚೆಯೇ ಫೋರ್ ಹೈ ಹಾಕಿ. ಫೋರ್ ಲೋ ನಿಮಗೆ ಅಪರೂಪಕ್ಕೆ ಬೇಕಾದೀತು. ಅದಕ್ಕೆ ಗಾಡಿ ಹೆಚ್ಚುಕಡಿಮೆ ನಿಂತಿರಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು.

ಇನ್ನು ಬ್ರೇಕ್. ಆಟೋ ಹಾಕಿದೆ ಅಂತ ವೇಗವಾಗಿ ಓಡಿಸುವವರನ್ನು ಪ್ರತಿ ಚಳಿಗಾಲವೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಯಾವ ಗಾಡಿಗಾದರೂ ಬ್ರೇಕ್ ನಾಲ್ಕು ಚಕ್ರಕ್ಕೂ ಇದ್ದೇ ಇರುತ್ತದೆ. ಫೋರ್ ವೀಲ್ ಡ್ರೈವ್ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಹಿಮದಲ್ಲಿ ಹೊರಡಲು ಅದು ನೆರವಾಗುತ್ತದೆ, ನಿಲ್ಲಲು ಟೈರೇ ಗತಿ. ಚಳಿಗಾಲದ ಟೈರು ಹಾಕಿಸಿ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರಬೇಕು. ನಾಲ್ಕೂ ಒಂದೇ ಸೈಜು, ಸವೆತವೂ ಹೆಚ್ಚುಕಡಿಮೆ ಒಂದೇ ಇರಲಿ. ಹಿಂದೆ ಹೊಸದು, ಮುಂದೆ ಬೋಳು ಟೈರು ಇದ್ದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಜಾರದೆ ಇದ್ದರೂ ಜಾರುತ್ತಿದೆ ಅಂದುಕೊಂಡು ಆಟೋ ಸುಮ್ಮಸುಮ್ಮನೆ ಕೆಲಸ ಮಾಡುತ್ತಿರುತ್ತದೆ.

ಫೋರ್ಡ್ ಎಫ್-150 ಇರುವವರಿಗೂ ಒಂದು ಮಾತು: ನಿಮ್ಮಲ್ಲಿ ಇದಕ್ಕೆ ‘ಫೋರ್ ಎ’ ಅಂತ ಹೆಸರು. ಎಲ್ಲ ಮಾಡೆಲ್‌ಗಳಲ್ಲಿ ಅದು ಇರುವುದಿಲ್ಲ, ಗುಂಡಿ ನೋಡಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಟೊಯೋಟಾ ಹೈಲಕ್ಸ್ ಇದೆ, ಅದರಲ್ಲಿ ಆಟೋ ಕಾಣುತ್ತಿಲ್ಲ. ಮಳೆಗಾಲದಲ್ಲಿ ತೋಟದಿಂದ ಪೇಟೆವರೆಗೂ ಫೋರ್ ಹೈನಲ್ಲೇ ಬರಬಹುದೇ?

ಉತ್ತರ: ಬೇಡ. ಮಳೆಯಲ್ಲಿ ನೆನೆದ ಡಾಂಬರೂ ಟೈರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೇಲೆ ಹೇಳಿದ ‘ಕಟ್ ಕಟ್’ ತೊಂದರೆ ನಿಮ್ಮ ಕಡೆಯ ತಿರುವುಗಳಲ್ಲಿ ಬಂದೇ ಬರುತ್ತದೆ. ತೋಟದ ಕೆಸರಿನಲ್ಲಿ ಫೋರ್ ಹೈ, ಕಡಿದಾದ ಏರಿಗೆ ಫೋರ್ ಲೋ, ಗೇಟು ದಾಟಿ ಡಾಂಬರು ಸಿಕ್ಕ ಕೂಡಲೇ ಟೂ ಹೈ. ಟೂ ಹೈಗೆ ತಂದರೂ ದೀಪ ಆರದೆ ಮಿನುಗುತ್ತಿದ್ದರೆ ಗಾಬರಿ ಬೇಡ, ಗೇರುಗಳ ನಡುವೆ ಬಿಗಿತ ಉಳಿದಿರುತ್ತದೆ. ಸ್ಟೀರಿಂಗ್ ನೇರ ಇಟ್ಟು ನಾಲ್ಕಾರು ಮೀಟರ್ ಹಿಂದೆ ಬಂದು ಮತ್ತೆ ಮುಂದೆ ಹೋಗಿ. ಸಾಮಾನ್ಯವಾಗಿ ಅಷ್ಟಕ್ಕೇ ಬಿಡುತ್ತದೆ.