ದೋಣಿಯಲ್ಲಿ ಹೋಗಿ, ಕಾರಿನ ಮಾತು ಆಮೇಲೆ

ಮಂಡಿನೋವಿನ ಅಮ್ಮ, ನಾಲ್ಕು ವರ್ಷದ ಮಗಳ ಜೊತೆ ಮಂಗಳೂರಿನ ತಣ್ಣೀರುಬಾವಿ ಟ್ರೀ ಪಾರ್ಕಿಗೆ ಕಾರಿನಲ್ಲಿ ಕೂಳೂರು ಸೇತುವೆ ಸುತ್ತಿ ಹೋಗೋದಾ, ಸುಲ್ತಾನ್ ಬತ್ತೇರಿಯಿಂದ ದೋಣಿ ಹಿಡಿಯೋದಾ ಅಂತ ಕೇಳಿದ್ದೀರಿ.

ಮಗುವಿಗೆ ದೋಣಿಯೇ ಅರ್ಧ ಮಜಾ, ಅಲ್ವಾ? ಫಲ್ಗುಣಿ ಹೊಳೆ ದಾಟೋಕೆ ಕೆಲವೇ ನಿಮಿಷ ಸಾಕು. ಹತ್ತುವ ಮೊದಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜನ್ನೂ ನೋಡಬಹುದು. ತೊಂದರೆ ಇರೋದು ಕಡಲಿನ ಇಳಿತದ ಹೊತ್ತಿನಲ್ಲಿ. ನೀರು ತಗ್ಗಿದರೆ ದೋಣಿ ಜೆಟ್ಟಿಗಿಂತ ಕೆಳಗೆ ಕೂರುತ್ತದೆ, ಮಂಡಿನೋವಿನವರಿಗೆ ಆ ಒಂದು ಹೆಜ್ಜೆಯೇ ಕಷ್ಟ. ನನ್ನ ಅತ್ತೆಯನ್ನು ಒಮ್ಮೆ ಇಬ್ಬರು ಎರಡೂ ಕೈ ಹಿಡಿದು ಇಳಿಸಬೇಕಾಯಿತು. ಭರತದ, ಅಂದರೆ ನೀರು ಏರಿರುವ ಸಮಯ ನೋಡಿಕೊಂಡು ಹೊರಡಿ. ಮಳೆಗಾಲವಾದರೆ ಸುಮ್ನೆ ಕಾರೇ ವಾಸಿ.

ಪಾರ್ಕ್ ಇರೋದು ಹೊಳೆಗೂ ಕಡಲಿಗೂ ನಡುವಿನ ಮರಳುಪಟ್ಟಿಯಲ್ಲಿ. ಯಕ್ಷಗಾನದ ವೇಷಗಳ ದೊಡ್ಡ ಪ್ರತಿಮೆಗಳಿವೆ, ಮಗಳು ಅಲ್ಲಿಂದ ಕದಲೋದು ಡೌಟು. ಮಧ್ಯಾಹ್ನ ಮಾತ್ರ ಬೇಡ, ಸೆಕೆ ಜಾಸ್ತಿ. ಸಂಜೆ ನಾಲ್ಕರ ಮೇಲೆ ಹೋಗಿ, ಅಮ್ಮನನ್ನು ನೆರಳಲ್ಲಿ ಕೂರಿಸಿ, ನೀವಿಬ್ಬರು ಬೀಚಿಗೆ ಹೋಗಿಬನ್ನಿ. ವಾಪಸ್ ಬರುವ ಕೊನೆಯ ದೋಣಿ ಎಷ್ಟಕ್ಕೆ ಅಂತ ಹತ್ತುವಾಗಲೇ ಕೇಳಿಟ್ಟುಕೊಳ್ಳಿ.